ಒಂದೂವರೆ ವರ್ಷವಾದರೂ ಹಲ್ಲಿಲ್ಲ. ಮಗು ಬೆವರುತ್ತದೆಯೇ?

ಪ್ರಶ್ನೆ: ನಮ್ಮ ಮಗನಿಗೆ ಒಂದೂವರೆ ವರ್ಷ ತುಂಬಿತು. ಇನ್ನೂ ಒಂದು ಹಲ್ಲೂ ಬಂದಿಲ್ಲ. "ತಡವಾಗಿ ಬಂದ ಹಲ್ಲು ಗಟ್ಟಿ, ಸುಮ್ನಿರು" ಅಂತಾರೆ ಅತ್ತೆ. ತಲೆಗೂದಲೂ ತೀರಾ ತೆಳು. ಬೇಸಿಗೆ ಬಂದರೆ ಮೇಲಿಂದ ಮೇಲೆ ಮೈ ಸುಡುತ್ತದೆ. ಇದು ಹಲ್ಲು ಬರುವ ಜ್ವರವೇ? ನನಗೂ ಮೇಲಿನ ಒಂದು ಹಲ್ಲು ಹುಟ್ಟಲೇ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ? – ರಾಯಚೂರು ಜಿಲ್ಲೆಯ ಒಬ್ಬ ತಾಯಿ

ಉತ್ತರ: ಮೊದಲು ಅತ್ತೆಯವರ ಮಾತು. ಹಲ್ಲು ತಡವಾದರೆ ಗಟ್ಟಿಯಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆದರೆ ಗಾಬರಿಯಾಗಬೇಡ ಅನ್ನುವ ಅರ್ಥದಲ್ಲಿ ಅವರು ಹೇಳಿದ್ದು ಅರ್ಧ ಸರಿ. ಮೊದಲ ಹಲ್ಲು ಸಾಮಾನ್ಯವಾಗಿ ಆರನೇ ತಿಂಗಳ ಹೊತ್ತಿಗೆ ಇಣುಕುತ್ತದೆ. ಕೆಲವು ಮಕ್ಕಳಲ್ಲಿ ವರ್ಷ ದಾಟುತ್ತದೆ. ಅಪ್ಪನಿಗೋ ಅಮ್ಮನಿಗೋ ತಡವಾಗಿದ್ದರೆ ಮಗುವಿಗೂ ತಡವಾಗಬಹುದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲೂ ಹಾಗೆಯೇ. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ರಿಕೆಟ್ಸ್ ಕೂಡ ಹಲ್ಲನ್ನು ತಡೆದು ನಿಲ್ಲಿಸುತ್ತವೆ. 18 ತಿಂಗಳಾದರೂ ಒಂದೂ ಬಾರದಿದ್ದರೆ ಮಾತ್ರ ಕಾಯುವುದನ್ನು ಬಿಟ್ಟು ತೋರಿಸಬೇಕು. ನೀವು ಸರಿಯಾದ ಹೊತ್ತಿಗೇ ಕೇಳಿದ್ದೀರಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದದ್ದು ಹಲ್ಲಿಗಿಂತ ಜಾಸ್ತಿ ಆ ಬೇಸಿಗೆಯ ಜ್ವರ. ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾಗಬಹುದು, ಸುಡುವಂಥ ಜ್ವರ ಬರುವುದಿಲ್ಲ. ಹಾಗಾಗಿ ಒಂದು ಪ್ರಶ್ನೆ: ನಿಮ್ಮ ಮಗ ಬೆವರುತ್ತಾನೆಯೇ? ಮಧ್ಯಾಹ್ನ ಮಲಗಿ ಎದ್ದಾಗ ಅವನ ಕತ್ತಿನ ಹಿಂಭಾಗ, ಬೆನ್ನು ಮುಟ್ಟಿ ನೋಡಿ. ರಾಯಚೂರಿನ ಬಿಸಿಲಿನಲ್ಲೂ ಚರ್ಮ ಒಣಗಿಯೇ ಇದ್ದರೆ ಅದು ದೊಡ್ಡ ಸುಳಿವು.

ಹಲ್ಲಿಗೂ ಬೆವರಿಗೂ ಎಲ್ಲಿಯ ನಂಟು ಅನಿಸುತ್ತದೆ, ಅಲ್ವಾ? ಹೊಟ್ಟೆಯಲ್ಲಿ ಮಗು ರೂಪುಗೊಳ್ಳುವಾಗ ಅದರ ಮೈಯ ಹೊರಪದರದಿಂದಲೇ ಚರ್ಮ, ಕೂದಲು, ಉಗುರು, ಬೆವರಿನ ಗ್ರಂಥಿಗಳು ಬರುತ್ತವೆ. ಹಲ್ಲಿನ ಮೊಳಕೆಯೂ ಆ ಪದರ ಒಳಕ್ಕೆ ಮಡಿಚಿಕೊಂಡಾಗಲೇ ಶುರುವಾಗುತ್ತದೆ, ಅದೂ ಗರ್ಭದ ಆರನೇ ವಾರದ ಸುಮಾರಿಗೆ. "ಇಲ್ಲಿ ಬೆಳೆ" ಎಂದು ಆ ಪದರಕ್ಕೆ ಹೇಳುವ ಪ್ರೋಟೀನೊಂದು ಕೆಟ್ಟರೆ ಕೂದಲು, ಬೆವರು, ಹಲ್ಲು ಮೂರೂ ಒಟ್ಟಿಗೆ ಕುಂಟುತ್ತವೆ. ಇದಕ್ಕೆ ಹೈಪೋಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಎಂದು ಹೆಸರು. ಹೆಸರು ಉದ್ದ, ಕಾಯಿಲೆ ಅಪರೂಪ. ಬಂದ ಒಂದೆರಡು ಹಲ್ಲೂ ಮೊಳೆಯಂತೆ ಮೊನಚಾಗಿರುತ್ತವೆ. ಬುದ್ಧಿಗೆ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ.

ಪತ್ರ ಓದಿ ನಿಮ್ಮ ಮಗನಿಗೆ ಇದೇ ಇದೆ ಎಂದು ಹೇಳಲಾರೆ. ಆದರೆ ಅವನು ಬೆವರುತ್ತಿಲ್ಲವಾದರೆ ಹಲ್ಲಿನ ಡಾಕ್ಟರಿಗಿಂತ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಬೆವರದ ಮಗುವಿನ ಮೈಯಲ್ಲಿ ಬಿಸಿ ಒಳಗೇ ಉಳಿಯುತ್ತದೆ. ಮೊದಲ ಎರಡು ವರ್ಷ ಇದು ಜೀವಕ್ಕೇ ಅಪಾಯ ತರಬಹುದು. ಈ ಬಿಸಿ ಪ್ಯಾರಾಸಿಟಮಾಲ್‌ಗೆ ಜಗ್ಗುವುದಿಲ್ಲ. ಮೈ ತಣ್ಣಗೆ ಮಾಡಬೇಕು, ಅಷ್ಟೇ. ಒದ್ದೆ ಬನಿಯನ್ ತೊಡಿಸಿ ಫ್ಯಾನಿನ ಕೆಳಗೆ ಕೂರಿಸಿ, ತಲೆಗೆ ಕೈಗೆ ನೀರು ಹಚ್ಚಿ, ಆಗಾಗ ಕುಡಿಸಿ. ಮಧ್ಯಾಹ್ನ ಹೊರಗೆ ಬಿಡಬೇಡಿ. ಹೊದ್ದಿಸಿ ಮಲಗಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಸೋಂಕಿನ ಜ್ವರ ಇವನಿಗೂ ಬರಬಹುದು. ಆದ್ದರಿಂದ ತಣ್ಣಗೆ ಮಾಡಿದರೂ ಇಳಿಯದಿದ್ದರೆ, ಮಗು ಮಂಕಾದರೆ ಆಸ್ಪತ್ರೆಗೆ ಹೊರಡಿ.

ಇನ್ನು ಹಲ್ಲಿನ ವಿಷಯ. ಇಷ್ಟು ಚಿಕ್ಕ ಮಗು ಎಕ್ಸ್‌ರೇಗೆ ಅಲುಗಾಡದೆ ಕೂರುವುದಿಲ್ಲ. ಮಕ್ಕಳ ಹಲ್ಲಿನ ಡಾಕ್ಟರು ಮೊದಲು ಒಸಡಿನ ಮೇಲೆ ಬೆರಳಾಡಿಸಿಯೇ ಒಂದಷ್ಟು ಹೇಳಬಲ್ಲರು. ಒಳಗೆ ಹಲ್ಲಿದ್ದರೆ ಒಸಡು ದಪ್ಪಗೆ, ದುಂಡಗೆ ಇರುತ್ತದೆ. ಇಲ್ಲದ ಕಡೆ ಏಣಿನಂತೆ ತೆಳುವಾಗಿರುತ್ತದೆ.

ಹಲ್ಲು ಹುಟ್ಟುವುದೇ ಇಲ್ಲ ಎಂದು ಗೊತ್ತಾದರೂ ದೊಡ್ಡವನಾಗಲಿ ಎಂದು ಕಾಯಬೇಕಿಲ್ಲ. ಸುಮಾರು ಮೂರು ವರ್ಷಕ್ಕೇ ಪುಟ್ಟ ಹಲ್ಲಿನ ಸೆಟ್ ಮಾಡಿಸಬಹುದು. ಅಷ್ಟು ಸಣ್ಣ ಮಗುವಿಗೆ ಕಟ್ಟಿಸಿದ ಹಲ್ಲೇ ಎಂದು ಮನೆಯವರು ಬೆಚ್ಚುತ್ತಾರೆ. ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ. ಕಳೆದು ಹಾಕುವುದರಲ್ಲೂ ಅಷ್ಟೇ ಚುರುಕು! ದವಡೆ ಬೆಳೆದಂತೆ ಸೆಟ್ಟನ್ನೂ ಬದಲಿಸಬೇಕು. ಮೊನಚು ಹಲ್ಲುಗಳಿಗೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಕೂರಿಸಿ ಆಕಾರ ಕೊಡುತ್ತಾರೆ. ದವಡೆಯ ಮೂಳೆಗೇ ಕೂರಿಸುವ ಇಂಪ್ಲಾಂಟ್ ಸಾಮಾನ್ಯವಾಗಿ ಬೆಳವಣಿಗೆ ಮುಗಿದ ಮೇಲೆ. ಹಲ್ಲಿನ ಸೆಟ್ ಬರುವವರೆಗೆ ರೊಟ್ಟಿಯನ್ನು ಸಾರಿನಲ್ಲೋ ಹಾಲಿನಲ್ಲೋ ನೆನೆಸಿ ಕೊಡಿ. ಮಾತಿಗೂ ಹಲ್ಲು ಬೇಕು. ನಮ್ಮ ವರ್ಣಮಾಲೆಯ ತ, ಥ, ದ, ಧ, ನ ಗಳಿಗೆ ದಂತ್ಯ ಎಂಬ ಹೆಸರಿರುವುದು ಸುಮ್ನೆ ಅಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ಸಂಬಂಧ ಇರಬಹುದು. ಚಾರ್ಲ್ಸ್ ಡಾರ್ವಿನ್ 1875ರಲ್ಲೇ ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದ ಬಗ್ಗೆ ಬರೆದಿದ್ದಾನೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಹಲ್ಲು ಕಡಿಮೆ, ಮೈಮೇಲೆ ಕೂದಲು ಕಡಿಮೆ, ಸೆಕೆಗಾಲದಲ್ಲಿ ಒಣ ಚರ್ಮದ ಕಾಟ. ಹೆಣ್ಣುಮಕ್ಕಳಿಗೆ ಏನೂ ಇಲ್ಲ, ಆದರೆ ಅವರು ಹೆತ್ತ ಗಂಡುಮಕ್ಕಳಲ್ಲಿ ಮತ್ತೆ ಕಾಣಿಸುತ್ತಿತ್ತು. ಕಾರಣವಾದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ ಎಂದು ಈಗ ಗೊತ್ತು. 1996ರಲ್ಲಿ ಅದನ್ನು ಗುರುತಿಸಿದರು. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಬಹುಪಾಲು ತೂಗಿಸುತ್ತದೆ. ಹಾಗಿದ್ದರೂ ಒಂದೋ ಎರಡೋ ಹಲ್ಲು ಹುಟ್ಟದೆ ಉಳಿಯುವುದುಂಟು, ನಿಮ್ಮ ಹಾಗೆ. ತಾಯಿಯ ಒಂದು ಎಕ್ಸ್‌ನಲ್ಲಿ ಈ ಜೀನ್ ಕೆಟ್ಟಿದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಕೆಲವು ಮಕ್ಕಳಲ್ಲಿ ಇದು ಹೊಸದಾಗಿಯೂ ಬರುತ್ತದೆ. ಯಾವುದಿದ್ದರೂ ನೀವು ತಿಂದದ್ದರಿಂದಲೋ ನೋಡಿದ ಗ್ರಹಣದಿಂದಲೋ ಆದದ್ದಲ್ಲ.

ಇನ್ನೊಂದು ಮಗು ಬೇಕೆಂದಿದ್ದರೆ ಅದಕ್ಕೆ ಮೊದಲೇ ಜೆನೆಟಿಕ್ಸ್ ವಿಭಾಗದಲ್ಲಿ ತೋರಿಸಿ. ಮಣಿಪಾಲದಲ್ಲೂ ಬೆಂಗಳೂರಿನಲ್ಲೂ ಇವೆ. ಗರ್ಭದಲ್ಲೇ ಚಿಕಿತ್ಸೆ ಕೊಡುವ ಪ್ರಯತ್ನವೂ ನಡೆದಿದೆ. ಮಗುವಿನ ಸುತ್ತಲಿನ ನೀರಿಗೆ ಆ ಪ್ರೋಟೀನನ್ನೇ ಚುಚ್ಚಿದ್ದರಿಂದ ಮೂವರು ಗಂಡುಮಕ್ಕಳು ಚೆನ್ನಾಗಿ ಬೆವರುತ್ತಿದ್ದಾರೆ ಎಂದು ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು 2018ರಲ್ಲಿ ವರದಿ ಮಾಡಿದರು. ಊರಿನ ಆಸ್ಪತ್ರೆಯಲ್ಲಿ ಕೇಳಿ ಪಡೆಯುವ ಚಿಕಿತ್ಸೆ ಇದಲ್ಲ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗುವುದಿಲ್ಲ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದು ಬರೀ ಮಾತು. ಆದರೆ ಈ ಕಾಯಿಲೆಯ ಮಟ್ಟಿಗೆ ಸೋದರಮಾವ ನಿಜಕ್ಕೂ ಮುಖ್ಯ. ಡಾಕ್ಟರ ಹತ್ತಿರ ಹೋಗುವ ಮುಂಚೆ ನಿಮ್ಮ ಅಣ್ಣತಮ್ಮಂದಿರ, ನಿಮ್ಮ ತಾಯಿಯ ಅಣ್ಣತಮ್ಮಂದಿರ, ಅಕ್ಕತಂಗಿಯರ ಗಂಡುಮಕ್ಕಳ ಹಲ್ಲು ಎಷ್ಟಿವೆ, ಬೆವರುತ್ತಾರೋ ಇಲ್ಲವೋ ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.