ಶಿಲ್ಲಾಂಗ್‌ನಲ್ಲಿ ಬಾಂಗ್ಲಾ ಮ್ಯಾಚು: ರ್‍ಯಾಂಕಿಂಗ್ ಬಿಡಿ, ಬಾಕ್ಸ್ ನೋಡಿ

ಮಂಗಳವಾರ, 2025ರ ಮಾರ್ಚ್ 25, ಸಂಜೆ ಏಳಕ್ಕೆ ಶಿಲ್ಲಾಂಗ್‌ನ ಜವಾಹರಲಾಲ್ ನೆಹರು ಸ್ಟೇಡಿಯಂನಲ್ಲಿ ಇಂಡಿಯಾ-ಬಾಂಗ್ಲಾದೇಶ ಫುಟ್‌ಬಾಲ್. 2027ರ ಏಷ್ಯನ್ ಕಪ್ ಕ್ವಾಲಿಫೈಯರ್‌ನ ಕೊನೇ ರೌಂಡು ಇದು, ನಮ್ಮ ಗುಂಪಿನಲ್ಲಿ ನಮ್ಮ ಮೊದಲನೇ ಮ್ಯಾಚು. ಅವತ್ತೇ ಐಪಿಎಲ್‌ನಲ್ಲಿ ಗುಜರಾತ್-ಪಂಜಾಬ್ ಇದೆ, ಮೈಸೂರಲ್ಲಿ ಹೋಟ್ಲು ಟೀವಿಗಳೆಲ್ಲ ಅದಕ್ಕೇ ತಿರುಗಿರುತ್ತವೆ ಅಂತ ಗೊತ್ತು, ಇರ್ಲಿ ಬಿಡಿ, ಫುಟ್‌ಬಾಲ್ ನೋಡೋರು ಫೋನಲ್ಲಾದ್ರೂ ನೋಡ್ತಾರೆ.

ನಾನು ಇಲ್ಲಿ ಹುಡುಗರಿಗೆ ಕೋಚಿಂಗ್ ಮಾಡೋನು. ಈಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಒಂದು ಕಡೆ, ರಂಜಾನ್ ಉಪವಾಸ ಇನ್ನೊಂದು ಕಡೆ, ಪ್ರಾಕ್ಟೀಸಿಗೆ ಅರ್ಧ ಟೀಮೇ ಬರ್ತಿರೋದು. ಬಂದೋರಲ್ಲಿ ಒಬ್ಬ ಮೊನ್ನೆ ಶೂ ಲೇಸ್ ಕಟ್ಕೋತಾ ಕೇಳ್ದ, "ಸರ್, ಬಾಂಗ್ಲಾಗೆ ಎಷ್ಟು ಹೊಡೀತೀವಿ, ನಾಲ್ಕಾ ಐದಾ?" ನಾನು "ಒಂದು ಹೊಡೆದ್ರೆ ಸಾಕಪ್ಪ" ಅಂದೆ, ಅವನಿಗೆ ಸಿಟ್ಟೇ ಬಂತು. ಅವನ ಲೆಕ್ಕ ಏನಂದ್ರೆ ಫಿಫಾ ರ್‍ಯಾಂಕಿಂಗ್‌ನಲ್ಲಿ ನಾವು 126, ಅವರು 185, ಮಧ್ಯೆ 58 ಟೀಮು ಇದಾವೆ, ಹಾಗಾಗಿ ಸುಲಭ. ಈ ಲೆಕ್ಕ ಯಾಕೆ ಕೆಲಸಕ್ಕೆ ಬರಲ್ಲ ಅನ್ನೋದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಹಳೇ ಮ್ಯಾಚುಗಳನ್ನ ನೋಡಿ. 2019ರ ಅಕ್ಟೋಬರ್, ವರ್ಲ್ಡ್ ಕಪ್ ಕ್ವಾಲಿಫೈಯರ್, ಕೋಲ್ಕತ್ತಾದ ಸಾಲ್ಟ್ ಲೇಕ್ ತುಂಬಿ ತುಳುಕ್ತಿತ್ತು, ಅದಕ್ಕೂ ಒಂದು ತಿಂಗಳ ಹಿಂದೆ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಜೊತೆ 0-0 ಮಾಡ್ಕೊಂಡು ಬಂದ ಟೀಮು ನಮ್ಮದು. ಏನಾಯ್ತು? ಹಾಫ್ ಟೈಮಿಗೆ ಮುಂಚೆ ಸಾದ್ ಉದ್ದೀನ್ ಹೆಡ್ ಮಾಡಿ ಗೋಲ್ ಹಾಕ್ಬಿಟ್ಟ, ನಾವು 88ನೇ ನಿಮಿಷದ ತನಕ ಬೆವರು ಸುರಿಸಿ ಆದಿಲ್ ಖಾನ್ ಹೆಡರ್‌ನಲ್ಲಿ 1-1 ಮಾಡ್ಕೊಂಡ್ವಿ. 2021ರ ಜೂನ್‌ನಲ್ಲಿ ದೋಹಾದಲ್ಲಿ 2-0 ಗೆದ್ವಿ ನಿಜ, ಆದ್ರೆ ಮೊದಲನೇ ಗೋಲು ಬಂದಿದ್ದು 79ನೇ ನಿಮಿಷದಲ್ಲಿ, ಎರಡನೇದು ಇಂಜುರಿ ಟೈಮಲ್ಲಿ, ಎರಡೂ ನಮ್ಮ ಸ್ಟ್ರೈಕರ್ ಸುನಿಲ್ ಛೇಟ್ರಿದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಾಲೆಯಲ್ಲಿ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಟೂರ್ನಿ) ಮ್ಯಾಚು, ನಾವು ಒಂದು ಗೋಲ್ ಮುಂದೆ ಇದ್ವಿ, ಅವರು ರೆಡ್ ಕಾರ್ಡ್ ಆಗಿ ಹತ್ತೇ ಜನ ಆಡ್ತಿದ್ರು, ಆದ್ರೂ ಸಮ ಮಾಡ್ಕೊಂಡು ಹೋದ್ರು. ಈ ಮ್ಯಾಚಿಗೆ ಮುಂಚೆ ಬಾಂಗ್ಲಾ ನಮ್ಮನ್ನ ಕೊನೇ ಸಲ ಸೋಲಿಸಿದ್ದು 2003ರಲ್ಲಿ ಢಾಕಾದಲ್ಲಿ, ಅದು ಹಳೇ ಕಥೆ. ಸೋಲಿಸದೇ ಇದ್ರೂ ಸತಾಯಿಸೋದನ್ನ ಅವರು ಬಿಟ್ಟಿಲ್ಲ.

ಬಾಂಗ್ಲಾ ಒಂದೇ ಅಂತಲೂ ಅಲ್ಲ. ಹೋದ ವರ್ಷ ಇದೇ ಮಾರ್ಚಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನ, ರ್‍ಯಾಂಕಿಂಗ್‌ನಲ್ಲಿ ನಾವು 117, ಅವರು 158. ಛೇಟ್ರಿಯ 150ನೇ ಮ್ಯಾಚು, ಪೆನಾಲ್ಟಿಯಲ್ಲಿ ಅವನೇ ಲೀಡ್ ಕೊಡಿಸ್ದ, ಕೊನೇ ಇಪ್ಪತ್ತು ನಿಮಿಷದಲ್ಲಿ ಎರಡು ತಿಂದು 1-2 ಸೋತ್ವಿ. ವರ್ಲ್ಡ್ ಕಪ್ ಕ್ವಾಲಿಫೈಯಿಂಗ್‌ನಲ್ಲಿ ಮುಂದಿನ ರೌಂಡ್ ತಪ್ಪೋದಕ್ಕೆ ಜನ ಆಮೇಲೆ ಕತಾರ್ ಮ್ಯಾಚಲ್ಲಿ ಬಾಲ್ ಗೆರೆ ದಾಟಿ ಹೊರಗೆ ಹೋಗಿದ್ರೂ ರೆಫರಿ ಕೊಟ್ಟ ಆ ಗೋಲನ್ನೇ ಬೈದ್ರು, ಬೈಯೋ ಹಾಗೇ ಇತ್ತು ಅದು, ಆದ್ರೆ ನನ್ನ ಕೇಳಿದ್ರೆ ನಾವು ಕೈಬಿಟ್ಟಿದ್ದು ಗುವಾಹಟಿಯಲ್ಲೇ.

ಯಾಕೆ ಹೀಗಾಗುತ್ತೆ? ನಮಗಿಂತ ಕೆಳಗಿನ ಟೀಮು ನಮ್ಮ ಮನೆಗೆ ಬಂದಾಗ ಅವರಿಗೆ 0-0 ಅಂದ್ರೆ ಹಬ್ಬ. ಹಾಗಾಗಿ ನಾಲ್ಕು ಜನ ಡಿಫೆಂಡರ್ಸು, ಅವರ ಮುಂದೆ ಇನ್ನೂ ನಾಲ್ಕು ಜನ, ಎರಡು ಸಾಲಾಗಿ ತಮ್ಮ ಬಾಕ್ಸ್ (ಗೋಲಿನ ಎದುರಿನ ಪೆನಾಲ್ಟಿ ಜಾಗ) ಮುಂದೆ ಕೂತ್ಕೋತಾರೆ, ಲೋ ಬ್ಲಾಕ್ ಅಂತೀವಿ ಇದನ್ನ. ಎರಡು ಸಾಲಿನ ಮಧ್ಯೆ ಹತ್ತು ಹನ್ನೆರಡು ಹೆಜ್ಜೆಗಿಂತ ಜಾಸ್ತಿ ಜಾಗ ಬಿಡಲ್ಲ. ಇದನ್ನ ಹುಡುಗರಿಗೆ ಅರ್ಥ ಮಾಡಿಸೋಕೆ ನಾನು ಗ್ರೌಂಡಲ್ಲಿ ಅರ್ಧ ಪಿಚ್‌ಗೆ ಹಳದಿ ಕೋನ್ ಇಟ್ಟು, ಎಂಟು ಜನರನ್ನ ಎರಡು ಸಾಲಲ್ಲಿ ನಿಲ್ಲಿಸಿ, ಉಳಿದೋರಿಗೆ ಬಾಲ್ ಕೊಟ್ಟು "ನುಗ್ರೋ ನೋಡೋಣ" ಅಂತೀನಿ. ಪ್ರತಿ ಬ್ಯಾಚಲ್ಲೂ ಒಂದೇ ಥರ ಆಗುತ್ತೆ ನೋಡಿ: ಬಲಗಡೆ ವಿಂಗರ್ ಹತ್ರ ಬಾಲ್ ಹೋಗುತ್ತೆ, ಮುಂದೆ ಇಬ್ಬರು ಅಡ್ಡ ನಿಂತಿರ್ತಾರೆ, ವಾಪಸ್ ಹಿಂದಕ್ಕೆ ಕೊಡ್ತಾನೆ, ಸೆಂಟರ್ ಬ್ಯಾಕ್ ಇಂದ ಇನ್ನೊಬ್ಬ ಸೆಂಟರ್ ಬ್ಯಾಕ್‌ಗೆ, ಅಲ್ಲಿಂದ ಎಡಗಡೆಗೆ, ಅಲ್ಲೂ ಅದೇ ಇಬ್ಬರು, ಮತ್ತೆ ವಾಪಸ್. ಮೇಲಿಂದ ನೋಡಿದ್ರೆ ಬಾಲು ಓಡಾಡಿದ ದಾರಿ ಕುದುರೆ ಲಾಳದ ಥರ ಕಾಣುತ್ತೆ. ಬಾಕ್ಸ್ ಒಳಗೆ ಒಂದು ಸಲಾನೂ ಹೋಗಿರಲ್ಲ, ಅವರ ಕೀಪರ್ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರ್ತಾನೆ. ಪೊಸೆಷನ್ ಶೇಕಡಾ 70 ನಮ್ಮದು ಅಂತ ಟೀವಿಯಲ್ಲಿ ಹಾಕ್ತಾರಲ್ಲ, ಬಹಳ ಸಲ ಅದು ಈ ಲಾಳದ ಲೆಕ್ಕ ಅಷ್ಟೇ.

ಇದನ್ನ ಒಡೆಯೋ ದಾರಿ ಇಲ್ವಾ ಅಂದ್ರೆ ಇದೆ. ಬಾಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋ ಸ್ಪೀಡು ಜಾಸ್ತಿ ಇರಬೇಕು, ಎದುರು ಸಾಲು ಸರಿಯೋಕ್ಕಿಂತ ಬೇಗ. ಎರಡು ಮೂರು ಟಚ್ ತಗೊಳ್ಳೋ ಮಿಡ್‌ಫೀಲ್ಡರ್ ಇದ್ರೆ ಮುಗೀತು ಕಥೆ, ಅಷ್ಟರಲ್ಲಿ ಅವರು ಸರಿದು ಆಗಿರುತ್ತೆ. ಇನ್ನೊಂದು, ವಿಂಗರ್ ಹತ್ರ ಬಾಲ್ ಇರುವಾಗ ಮಿಡ್‌ಫೀಲ್ಡರ್ ಒಬ್ಬ ಫುಲ್ ಬ್ಯಾಕ್ ಮತ್ತೆ ಸೆಂಟರ್ ಬ್ಯಾಕ್ ಮಧ್ಯದ ಸಂದಿಯಲ್ಲಿ ಓಡಬೇಕು, ಬಾಲ್ ಸಿಕ್ಲಿ ಬಿಡ್ಲಿ. ಓಡಿದವನಿಗೆ ಹತ್ತರಲ್ಲಿ ಎಂಟು ಸಲ ಸಿಗಲ್ಲ, ಅದಕ್ಕೇ ನಮ್ಮ ಹುಡುಗರು ಮೂರನೇ ಸಲಕ್ಕೆ ಓಡೋದೇ ಬಿಟ್ಬಿಡ್ತಾರೆ, "ಸುಮ್ನೆ ಓಡ್ಸ್ತೀರಾ ಸರ್" ಅಂತಾರೆ. ಆದ್ರೆ ಅವನ ಹಿಂದೆ ಒಬ್ಬ ಡಿಫೆಂಡರ್ ಹೋಗ್ಲೇಬೇಕಲ್ಲ, ಹೋದಾಗ ಖಾಲಿಯಾಗೋ ಜಾಗದಲ್ಲೇ ಕಟ್‌ಬ್ಯಾಕ್, ಅಂದ್ರೆ ಗೋಲಿನ ಪಕ್ಕದಿಂದ ಹಿಂದಕ್ಕೆ ಕೊಡೋ ಪಾಸು, ಬೀಳೋದು. ಮಂಗಳವಾರ ಟೀವಿ ನೋಡುವಾಗ ಬಾಲ್ ಇರೋನನ್ನ ಬಿಟ್ಟು ಈ ಸುಮ್ನೆ ಓಡೋನನ್ನ ನೋಡಿ. ಅಪುಯಾ ಆಗ್ಲಿ ಸುರೇಶ್ ಆಗ್ಲಿ, ಮಧ್ಯದಲ್ಲಿ ಯಾರು ಆಡಿದ್ರೂ ಮೊದಲ ಇಪ್ಪತ್ತು ನಿಮಿಷದಲ್ಲಿ ನಾಲ್ಕೈದು ಸಲ ಆ ಓಟ ಕಂಡ್ರೆ ನಮಗೆ ಗೋಲ್ ಬರುತ್ತೆ ಅಂತ ಧೈರ್ಯ ಹೇಳ್ತೀನಿ.

ಮೂರನೇ ದಾರಿ ಸೆಟ್ ಪೀಸು, ಅಂದ್ರೆ ಆಟ ನಿಂತ ಮೇಲೆ ಹೊಡೆಯೋ ಕಾರ್ನರ್, ಫ್ರೀ ಕಿಕ್ಕು. 19ನೇ ತಾರೀಕು ಇದೇ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್‌ಗೆ 3-0 ಹೊಡೆದ್ವಲ್ಲ, ಮೂರೂ ಹೆಡರ್ರು. ರಾಹುಲ್ ಭೇಕೆದು ಕಾರ್ನರ್, ಲಿಸ್ಟನ್ ಕೊಲಾಸೋದು ಕಾರ್ನರ್, ಛೇಟ್ರಿದು ಲಿಸ್ಟನ್ ಹಾಕಿದ ಕ್ರಾಸು. ನವೆಂಬರ್ 2023ರಲ್ಲಿ ಕುವೈತ್‌ನಲ್ಲಿ ಮನ್ವೀರ್ ಗೋಲಲ್ಲಿ ಗೆದ್ದ ಮೇಲೆ ನಮಗೆ ಸಿಕ್ಕ ಮೊದಲನೇ ಗೆಲುವು ಇದು, 2024 ಪೂರ್ತಿ ಒಂದೂ ಗೆದ್ದಿಲ್ಲ ಅನ್ನೋದು ನೆನಪಿರ್ಲಿ. ಪೇಪರ್‌ನೋರು ಎದುರಾಳಿ ಮಾಲ್ಡೀವ್ಸ್ ತಾನೇ ಅಂತ ಕೇವಲ ಮಾಡಿ ಬರೆದ್ರು, ನಾನು ಹಾಗೆ ನೋಡಲ್ಲ. ಗೋಲು ಬಂದ ರೀತಿ ಮುಖ್ಯ. ಆಟದ ಓಟದಲ್ಲಿ ಒಡೆಯೋಕಾಗದ ಗೋಡೆಯನ್ನ ಕಾರ್ನರ್‌ನಲ್ಲಿ ದಾಟಬಹುದು, ಯಾಕಂದ್ರೆ ಆಗ ಎರಡು ಸಾಲಿನ ಶಿಸ್ತೆಲ್ಲ ಇರಲ್ಲ, ಯಾರು ಯಾರನ್ನ ಹಿಡ್ಕೊಂಡಿದಾರೆ ಅನ್ನೋದಷ್ಟೇ ಇರೋದು. ಸಂದೇಶ್ ಝಿಂಗನ್, ಭೇಕೆ ಥರ ಎತ್ತರದೋರು ನಮ್ಮಲ್ಲಿ ಇದಾರೆ. ಬೇಜಾರಿನ ವಿಷ್ಯ ಅಂದ್ರೆ ಬ್ರ್ಯಾಂಡನ್ ಫರ್ನಾಂಡಿಸ್ ಗಾಯ ಮಾಡ್ಕೊಂಡು ಹೊರಗೆ ಹೋಗಿದಾನೆ, ಬಾಲನ್ನ ಸರಿಯಾದ ಹಣೆ ಮೇಲೆ ಇಡೋ ಕಾಲು ಅದು. ಈಗ ಮಹೇಶ್ ಮತ್ತೆ ಲಿಸ್ಟನ್ ಮೇಲೆ ಭಾರ ಬೀಳುತ್ತೆ.

ಈಗ ಎಲ್ಲರೂ ಕೇಳೋ ಹೆಸರಿಗೆ ಬರ್ತೀನಿ, ಹಮ್ಜಾ ಚೌಧುರಿ. ಇಂಗ್ಲೆಂಡಲ್ಲಿ ಹುಟ್ಟಿ ಬೆಳೆದ ಹುಡುಗ, ಲೆಸ್ಟರ್ ಸಿಟಿಯೋನು, 2021ರಲ್ಲಿ ಎಫ್‌ಎ ಕಪ್ ಗೆದ್ದ ಟೀಮಲ್ಲಿ ಇದ್ದ, 2025ರ ಈ ಸೀಸನ್ನಲ್ಲಿ ಶೆಫೀಲ್ಡ್ ಯುನೈಟೆಡ್‌ಗೆ ಲೋನ್ ಮೇಲೆ ಆಡ್ತಿದಾನೆ. ತಾಯಿ ಕಡೆಯಿಂದ ಬಾಂಗ್ಲಾ, ಸಿಲ್ಹೆಟ್ ಕಡೆಯ ಹಬಿಗಂಜ್, ಹೋದ ಡಿಸೆಂಬರ್‌ನಲ್ಲಿ ಫಿಫಾ ಒಪ್ಪಿಗೆ ಸಿಕ್ತು, ಶಿಲ್ಲಾಂಗ್‌ನಲ್ಲೇ ಅವನ ಮೊದಲ ಮ್ಯಾಚು. ಊರಿಗೆ ಬಂದಾಗ ಜನ ಮುಗಿಬಿದ್ದಿದ್ದು ನೋಡಿದ್ರೆ ಏನೋ ಹತ್ತು ಗೋಲ್ ಹೊಡೆಯೋ ಸ್ಟ್ರೈಕರ್ ಬಂದ ಅನ್ಕೋಬೇಕು. ಆದ್ರೆ ಅವನು ಡಿಫೆನ್ಸಿವ್ ಮಿಡ್‌ಫೀಲ್ಡರ್ರು. ನನಗೆ ಹೆದರಿಕೆ ಇರೋದೂ ಅದಕ್ಕೇ. ಆಗ್ಲೇ ಹೇಳಿದ್ನಲ್ಲ, ಎರಡು ಸಾಲಿನ ಮಧ್ಯೆ ಇರೋ ಆ ಹತ್ತು ಹನ್ನೆರಡು ಹೆಜ್ಜೆ ಜಾಗ, ಅದೇ ಇವನ ಅಡ್ಡೆ. ಹೆಡ್ ಆಗಿ ಹೊರಗೆ ಬಿದ್ದ ಬಾಲ್, ಬ್ಲಾಕ್ ಆಗಿ ಚಿಮ್ಮಿದ ಬಾಲ್, ಅಂಥದನ್ನ ಗೆದ್ದು ಒಂದೇ ಟಚ್‌ನಲ್ಲಿ ಮುಂದಕ್ಕೆ ಕಳಿಸೋದು ಅವನ ಕಸುಬು. ಬಾಂಗ್ಲಾದೋರು ಇಷ್ಟು ದಿನ ಕಷ್ಟಪಟ್ಟು ಬಾಲ್ ಕಿತ್ಕೊಂಡು ಮೂರನೇ ಪಾಸ್‌ಗೆ ವಾಪಸ್ ನಮಗೇ ಕೊಡ್ತಿದ್ರು, ಅದು ನಿಂತ್ರೆ ಅವರ ಡಿಫೆನ್ಸಿಗೆ ಉಸಿರು ತಗೊಳ್ಳೋಕೆ ಟೈಮ್ ಸಿಗುತ್ತೆ, ನಮಗೆ ಕೌಂಟರ್ ಅಟ್ಯಾಕ್ ಭಯ ಶುರುವಾಗುತ್ತೆ. ಕ್ಯಾಪ್ಟನ್ ಜಮಾಲ್ ಭೂಯಾನ್ ಡೆನ್ಮಾರ್ಕಲ್ಲಿ ಹುಟ್ಟಿದೋನು, ತಾರಿಕ್ ಕಾಜಿ ಫಿನ್‌ಲ್ಯಾಂಡ್, ಹೀಗೆ ಒಬ್ಬೊಬ್ಬರನ್ನೇ ಹುಡುಕಿ ಕರ್ಕೊಂಡು ಬರ್ತಿದಾರೆ. ನಮ್ಮಲ್ಲಿ ಎರಡು ಪೌರತ್ವಕ್ಕೆ ಕಾನೂನಲ್ಲಿ ಜಾಗ ಇಲ್ಲ, ವಿದೇಶದ ಪೌರರಾದ ಭಾರತೀಯ ಮೂಲದೋರಿಗೆ ಕೊಡೋ ಓಸಿಐ ಕಾರ್ಡ್ ಇಟ್ಕೊಂಡು ದೇಶಕ್ಕೆ ಆಡೋ ಹಾಗಿಲ್ಲ, ಹಾಗಾಗಿ ಆ ದಾರಿ ಸದ್ಯಕ್ಕೆ ಬಂದ್.

ಆ ಕಡೆ ಬಾಂಗ್ಲಾ ಕೋಚ್, ಸ್ಪೇನಿನ ಹಾವಿಯರ್ ಕಬ್ರೇರಾ 2022ರಿಂದ ಅದೇ ಟೀಮಿನ ಜೊತೆ ಇದಾನೆ, ಈ ಕಡೆ ನಮ್ಮ ಕೋಚ್ ಮನೋಲೋ ಮಾರ್ಕೆಸ್ 2025ರ ಈ ಹೊತ್ತಲ್ಲಿ ಎಫ್‌ಸಿ ಗೋವಾನೂ ನೋಡ್ಕೊಂಡು ದೇಶದ ಟೀಮನ್ನೂ ನೋಡ್ಕೋತಿದಾರೆ. ಎರಡು ಕೆಲಸ ಒಬ್ಬರೇ ಮಾಡೋದು ನನಗಂತೂ ಸರಿ ಕಾಣಲ್ಲ, ಆದ್ರೆ ಅದು ಬೇರೆ ದಿನದ ಜಗಳ.

ಊರಿನ ಹೈಟ್ ಬಗ್ಗೆ ಒಂದು ಮಾತು. ಶಿಲ್ಲಾಂಗ್ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ನಮ್ಮ ಮೈಸೂರಿನ ಹತ್ರ ಹತ್ರ ಎರಡರಷ್ಟು. ಇಲ್ಲಿಂದ ಊಟಿಗೆ ಟೀಮ್ ಕರ್ಕೊಂಡು ಹೋಗಿ ಆಡಿಸಿರೋ ಯಾವ ಕೋಚ್‌ಗಾದ್ರೂ ಗೊತ್ತು, ಮೊದಲ ಕಾಲು ಗಂಟೇಲೇ ಹುಡುಗರು ಮಂಡಿ ಮೇಲೆ ಕೈ ಇಟ್ಕೊಂಡು ಬಗ್ಗಿ ನಿಲ್ತಾರೆ, ಉದ್ದ ಹೊಡೆದ ಬಾಲು ಅಂದಾಜಿಗಿಂತ ದೂರ ಹೋಗಿ ಬೀಳುತ್ತೆ. ಶಿಲ್ಲಾಂಗ್ ಊಟಿಯಷ್ಟು ಮೇಲಿಲ್ಲ, ಆದ್ರೂ ಕೊನೇ ಇಪ್ಪತ್ತು ನಿಮಿಷಕ್ಕೆ ವ್ಯತ್ಯಾಸ ಕಾಣುತ್ತೆ. ಇದು ನಮಗೆ ಲಾಭ ಅಂತ ಕೆಲವರು ಹೇಳ್ತಿದಾರೆ. ಅಷ್ಟು ಲಾಭ ಏನಿಲ್ಲ ಕಣ್ರಿ, ಬಾಂಗ್ಲಾದೋರು ಸೌದಿಯ ತಾಯಿಫ್‌ನಲ್ಲಿ ಕ್ಯಾಂಪ್ ಮುಗಿಸ್ಕೊಂಡು ಬರ್ತಿದಾರೆ, ಅದೂ ಗುಡ್ಡದ ಮೇಲಿನ ಊರೇ. ದೂರದ ಲೆಕ್ಕ ಹಾಕಿದ್ರೂ ಅಷ್ಟೇ, ಮೇಘಾಲಯದ ಬೆಟ್ಟ ಇಳಿದ್ರೆ ಸಿಲ್ಹೆಟ್, ನಮ್ಮ ಬೆಂಗಳೂರು ಎಫ್‌ಸಿ ಹುಡುಗರಿಗಿಂತ ಅವರಿಗೇ ಶಿಲ್ಲಾಂಗ್ ಹತ್ತಿರ.

ಛೇಟ್ರಿ ಬಗ್ಗೆ ಬರೀದೇ ಇದ್ರೆ ಕರ್ನಾಟಕದಲ್ಲಿ ಯಾರೂ ಬಿಡಲ್ಲ. ಹೋದ ಜೂನ್ 6ಕ್ಕೆ ಕುವೈತ್ ಮ್ಯಾಚಲ್ಲಿ ಕಣ್ಣೀರು ಹಾಕ್ಕೊಂಡು ಬೀಳ್ಕೊಂಡ ಮನುಷ್ಯ, 40 ವಯಸ್ಸಲ್ಲಿ ವಾಪಸ್ ಬಂದು ಮಾಲ್ಡೀವ್ಸ್ ಮೇಲೆ ದೇಶಕ್ಕೆ 95ನೇ ಗೋಲ್ ಹೊಡೆದ. ಕರೆದಿದ್ದು ಯಾಕೆ ಅಂತ ಕೆಲವರಿಗೆ ಕೋಪ. ಈ ಐಎಸ್‌ಎಲ್ ಸೀಸನ್‌ನಲ್ಲಿ ಇಂಡಿಯನ್ಸ್ ಪೈಕಿ ಅತಿ ಹೆಚ್ಚು ಗೋಲ್ ಅವನದೇ, ಮಾರ್ಕೆಸ್ ಇನ್ಯಾರನ್ನ ಕರೀಬೇಕಿತ್ತು ಹೇಳಿ? ನಮ್ಮ ಕ್ಲಬ್ಬುಗಳು ನಂಬರ್ ಒಂಬತ್ತರ, ಅಂದ್ರೆ ಸ್ಟ್ರೈಕರ್ ಜಾಗಕ್ಕೆ ಹೆಚ್ಚಾಗಿ ಫಾರಿನ್ ಆಟಗಾರನನ್ನೇ ಇಡೋದು, ಇಂಡಿಯನ್ ಹುಡುಗರನ್ನ ವಿಂಗಿಗೆ ತಳ್ತಾರೆ, ಬಾಕ್ಸಲ್ಲಿ ನಿಂತು ಆಡೋದು ಯಾವಾಗ ಕಲೀಬೇಕು ಅವರು? ನಾನಾಗಿದ್ರೆ ಅವನನ್ನ ಮೊದಲಿಂದ ಆಡಿಸ್ತಿರ್ಲಿಲ್ಲ, 55ನೇ ನಿಮಿಷಕ್ಕೆ, ಎದುರು ಡಿಫೆಂಡರ್‌ಗಳ ಕಾಲು ಭಾರ ಆಗೋ ಹೊತ್ತಿಗೆ ಇಳಿಸ್ತಿದ್ದೆ. ಮಾರ್ಕೆಸ್ ಹಾಗೆ ಮಾಡಲ್ಲ ಅನ್ಸುತ್ತೆ, ಮೊದಲೇ ಆಡಿಸ್ತಾರೆ.

ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋದು ಯಾಕಂದ್ರೆ ಗುಂಪಿನ ನಿಯಮ ಬಹಳ ಕಠಿಣ. 24 ಟೀಮು, ನಾಲ್ಕು ನಾಲ್ಕರಂತೆ ಆರು ಗುಂಪು, ಗುಂಪಲ್ಲಿ ಮೊದಲು ಬಂದೋರಿಗೆ ಮಾತ್ರ ಏಷ್ಯನ್ ಕಪ್ ನಡೆಯೋ ಸೌದಿಗೆ ಟಿಕೆಟ್ಟು. ಎರಡನೇ ಜಾಗಕ್ಕೆ ಏನೂ ಇಲ್ಲ. ನಮ್ಮ ಜೊತೆ ಬಾಂಗ್ಲಾ ಅಲ್ದೇ ಹಾಂಗ್‌ಕಾಂಗ್, ಸಿಂಗಾಪುರ ಇದಾವೆ, ಒಟ್ಟು ಆರು ಮ್ಯಾಚು, ಮೂರು ಮನೇಲಿ ಮೂರು ಹೊರಗೆ, 2026ರ ಮಾರ್ಚ್ ತನಕ ನಡೆಯುತ್ತೆ. ಹೊರಗೆ ಹೋಗಿ ಗೆಲ್ಲೋದು ನಮಗೆ ಯಾವತ್ತೂ ಕಷ್ಟ, ಹಾಗಾಗಿ ಮನೇಲಿ ಒಂಬತ್ತಕ್ಕೆ ಒಂಬತ್ತು ಪಾಯಿಂಟ್ ಬರ್ಲೇಬೇಕು ಅನ್ನೋದು ನನ್ನ ಲೆಕ್ಕ. ಅದರಲ್ಲಿ ಎರಡು ಪಾಯಿಂಟ್ ಮೊದಲನೇ ದಿನವೇ ಹೋದ್ರೆ ಉಳಿದ ಐದು ಮ್ಯಾಚೂ ಸಾಲ ತೀರಿಸೋಕೇ ಆಡ್ಬೇಕಾಗುತ್ತೆ.

ಸ್ಕೋರ್ ಹೇಳಿ ಅಂದ್ರೆ 1-0 ಇಂಡಿಯಾ, ಅದೂ ಕಾರ್ನರ್‌ನಿಂದ, 60ನೇ ನಿಮಿಷ ಆದ ಮೇಲೆ. ಮೊದಲ ಅರ್ಧ ಗಂಟೇಲಿ ನಮ್ಮದು ಬಂದ್ರೆ ಆಟ ಬೇರೇನೇ ಆಗುತ್ತೆ, ಬಾಂಗ್ಲಾ ಬಾಕ್ಸ್ ಬಿಟ್ಟು ಹೊರಗೆ ಬರಬೇಕಾಗುತ್ತೆ, ಆಗ ಅವರ ಬೆನ್ನ ಹಿಂದೆ ನಮ್ಮ ವಿಂಗರ್ ಛಾಂಗ್ಟೆಗೆ ಓಡೋಕೆ ಜಾಗ ಸಿಗುತ್ತೆ, ಆಗ ನಮ್ಮ ಹುಡುಗನ ನಾಲ್ಕರ ಲೆಕ್ಕ ಅಲ್ದಿದ್ರೂ ಮೂರಾದ್ರೂ ಬರಬಹುದು. 70 ನಿಮಿಷ ಆದ್ರೂ 0-0 ಇದ್ರೆ ಮಾತ್ರ ನಾನು ಡ್ರಾ ಅಂತ ಬರ್ಕೋತೀನಿ. ಡ್ರಾ ಆದ್ರೆ ಮುಂದಿನ ಮ್ಯಾಚು ಜೂನ್ 10ಕ್ಕೆ, ಹಾಂಗ್‌ಕಾಂಗಲ್ಲಿ, ಅಲ್ಲಿ ಹೋಗಿ ಗೆಲ್ಲಲೇಬೇಕಾಗುತ್ತೆ.