ಬೀಜದ ಖಾಲಿ ಪಾಕೀಟು ಬಿಸಾಡಬೇಡಿ

“ಕಂಪ್ನಿಯೋರ ಮ್ಯಾಲೆ ನಮ್ಮಂತೋರು ಕೇಸು ಹಾಕಕ್ಕಾಯ್ತದಾ ಸಾಮಿ? ಅವರ ಆಫೀಸು ಹೈದರಾಬಾದಲ್ಲಂತೆ.”

ಮುಳಬಾಗಿಲು ಕಡೆಯ ರೈತರೊಬ್ಬರು ಕೋಲಾರದ ನನ್ನ ವಕೀಲಿ ಕಚೇರಿಗೆ ಬಂದು ಮೊದಲು ಕೇಳಿದ್ದೇ ಇದು. ಆ ಕಂಪನಿಯ ಬೀಜದಿಂದ ಬೆಳೆದ ಎರಡು ಎಕರೆ ಟೊಮೆಟೊ. ಗಿಡ ಎದೆಯುದ್ದ ಬೆಳೆದು ಹೂ ಬಿಟ್ಟಿದೆ, ಕಾಯಿ ಕಚ್ಚಿಲ್ಲ.

ಹಾಕಬಹುದು, ಕೋಲಾರದಲ್ಲೇ ಹಾಕಬಹುದು. ಸಿವಿಲ್ ದಾವೆಯಾದರೆ ಕೇಳುವ ಪರಿಹಾರಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಕೊಂಡ ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಕಾಲಮಿತಿ 2 ವರ್ಷ.

“ಬಿಲ್ಲು ಇದೆಯಾ?” ಅಂದೆ. ಅಂಗಡಿಯವರು ಕೊಟ್ಟಿದ್ದು ಬಿಳಿ ಚೀಟಿ, ಅದರಲ್ಲಿ ಮೊತ್ತ ಬಿಟ್ಟರೆ ಏನೂ ಇಲ್ಲ. ಬೀಜ ಕೊಂಡು ನರ್ಸರಿಗೆ ಕೊಟ್ಟು ಸಸಿ ಮಾಡಿಸುವುದು ನಮ್ಮ ಕಡೆ ರೂಢಿ. ಪಾಕೀಟು ಅಲ್ಲೇ ಉಳಿದು ಕಸಕ್ಕೆ ಹೋಗುತ್ತದೆ. ಇವರ ಹೆಂಡತಿ ಮಾತ್ರ ಕೇಳಿ ಈಸಿಕೊಂಡು ಬಂದಿದ್ದರು. ಪಹಣಿ ಇಟ್ಟಿದ್ದ ಪ್ಲಾಸ್ಟಿಕ್ ಕವರಿನಿಂದ ಬೆಳ್ಳಿ ಬಣ್ಣದ ನಾಲ್ಕು ಪಾಕೀಟು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಒಂದರ ಮೂಲೆ ಹರಿದಿತ್ತು, ನಾಲ್ಕರಲ್ಲೂ ಲಾಟ್ ನಂಬರ್, ಅಂದರೆ ಬೀಜ ಯಾವ ತಂಡದ್ದೆಂದು ಹೇಳುವ ಸಂಖ್ಯೆ, ಓದುವಂತಿತ್ತು. ಅರ್ಧ ಕೇಸು ಅವತ್ತೇ ಗಟ್ಟಿಯಾಯಿತು ಅನ್ನಿಸಿತು ನನಗೆ.

ಕಂಪನಿಗಳ ತಕರಾರು ಬಹುಪಾಲು ಒಂದೇ ಥರ ಇರುತ್ತದೆ. ರೈತ ಮಾರುವುದಕ್ಕೆ ಬೆಳೆಯುತ್ತಾನೆ, ಹಾಗಾಗಿ ಗ್ರಾಹಕನಲ್ಲ. ಬೀಜದ ಸ್ಯಾಂಪಲ್ ಲ್ಯಾಬಿಗೆ ಕೊಟ್ಟಿಲ್ಲ. ಇವೆರಡಕ್ಕೂ ಸುಪ್ರೀಂ ಕೋರ್ಟ್ 2012ರಲ್ಲೇ ಉತ್ತರ ಕೊಟ್ಟಿದೆ. ಕೇಂದ್ರ ಸರ್ಕಾರದ ಬೀಜ ಕಂಪನಿ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ವಿರುದ್ಧ ಆಂಧ್ರದ ರೈತರು ಗೆದ್ದ ಪ್ರಕರಣವದು. ರೈತನೂ ಗ್ರಾಹಕನೇ, ಕೊಂಡ ಬೀಜವನ್ನೆಲ್ಲ ಬಿತ್ತಿದವನು ಪರೀಕ್ಷೆಗೆಂದು ಸ್ವಲ್ಪ ಎತ್ತಿಡಬೇಕಿತ್ತು ಅನ್ನುವುದು ಸಲ್ಲದು ಎಂದಿತು ಕೋರ್ಟು. ನನ್ನ ವೃತ್ತಿಯಲ್ಲಿ ಇಷ್ಟು ಉಪಯೋಗಕ್ಕೆ ಬಂದ ತೀರ್ಪು ಇನ್ನೊಂದಿಲ್ಲ.

ಉಳಿದದ್ದು ಮೂರನೆಯ ತಕರಾರು: ಹವೆ ಸರಿಯಿರಲಿಲ್ಲ, ಗೊಬ್ಬರ ಹೆಚ್ಚಾಯಿತು, ನರ್ಸರಿಯವರ ತಪ್ಪು. ಇದಕ್ಕೆ ಗಿಡವೇ ಸಾಕ್ಷಿ ಹೇಳಬೇಕು. ಆದ್ದರಿಂದ ಗಿಡ ಕೀಳುವ ಮೊದಲು ತೋಟಗಾರಿಕೆ ಇಲಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಧಿಕಾರಿಗಳು ಹೊಲಕ್ಕೆ ಬರುವ ದಿನ ಕಂಪನಿಗೂ ತಿಳಿದಿರಲಿ. ಅವರಿಗೆ ಹೇಳದೆ ಬರೆದ ವರದಿಯನ್ನು ಅವರ ವಕೀಲರು ಮೊದಲ ದಿನವೇ ಹರಿಯುತ್ತಾರೆ. ಪಕ್ಕದ ಹೊಲದಲ್ಲಿ ಬೇರೆ ಬೀಜದ ಟೊಮೆಟೊ ಚೆನ್ನಾಗಿ ಕಚ್ಚಿದ್ದರೆ ಅದೂ ವರದಿಯಲ್ಲಿ ಬರಲಿ. ಅದೇ ಮಣ್ಣು, ಅದೇ ಹವೆ ತಾನೇ.

ದೂರು ಕೊಟ್ಟು ಆಯೋಗದ ನೋಟಿಸು ತಲುಪಿದ ಮೇಲೆ ಕಂಪನಿ 30 ದಿನದಲ್ಲಿ ತಕರಾರು ಸಲ್ಲಿಸಬೇಕು, ಹೆಚ್ಚೆಂದರೆ ಇನ್ನೂ 15 ದಿನ. ಅದರಾಚೆ ಒಂದು ದಿನವೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಸೋತ ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ ಆದೇಶವಾದ ಹಣದಲ್ಲಿ ಅರ್ಧ ಮೊದಲು ಕಟ್ಟಬೇಕು.

ನಮ್ಮ ರೈತರು ಹೊರಡುವಾಗ ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ಕಂಪನಿಯ ಹುಡುಗ ಮನೆಗೇ ಬಂದು ಕೊಟ್ಟಿದ್ದಂತೆ. ಹೊಸ ಬೀಜ ಪುಕ್ಕಟೆ ಕೊಡುತ್ತೇವೆ, ಇನ್ನು ಯಾವ ಹಕ್ಕೂ ಕೇಳುವುದಿಲ್ಲವೆಂದು ಸಹಿ ಮಾಡಿ ಅಂತ ಅದರಲ್ಲಿತ್ತು.

“ಮಾಡಿದ್ರಾ?”

“ನಮ್ಮ ಹೆಂಗ್ಸು ಬ್ಯಾಡ ಅಂದ್ಲು ಸಾಮಿ.”