ಯುದ್ಧಕ್ಕೆ ಹೋಗಿಬಂದ ಪ್ರಾಧ್ಯಾಪಕರಿಗೆ ಸೇನಾ ಭರ್ತಿಯ ಬಗ್ಗೆ ತಕರಾರೇಕೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಹೋರ್ಹೆ ಮರಿಸ್ಕಲ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು, ವಿಯೆಟ್ನಾಂ ಯುದ್ಧದಲ್ಲಿದ್ದ ಮಾಜಿ ಸೈನಿಕರು ಕೂಡ. ಹಾಗಿದ್ದೂ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಯುವಕರನ್ನು ಸೇನೆಗೆ ಸೆಳೆಯುವ ಪ್ರಚಾರವನ್ನು ಅವರು ವಿರೋಧಿಸಿದ್ದೇಕೆ? ಸಾಹಿತ್ಯಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ: ಇದನ್ನು ಟೆಕ್ಸಾಸಿನ ತ್ರೀ ರಿವರ್ಸ್ ಎಂಬ ಸಣ್ಣ ಊರಿನಿಂದ ಆರಂಭಿಸಬೇಕು. 1945ರಲ್ಲಿ ಫಿಲಿಪ್ಪೀನ್ಸಿನಲ್ಲಿ ಮಡಿದ ಫೀಲಿಕ್ಸ್ ಲೊಂಗೋರಿಯಾ ಎಂಬ ಮೆಕ್ಸಿಕನ್ ಮೂಲದ ಸೈನಿಕನ ಅವಶೇಷಗಳು 1949ರಲ್ಲಿ ಊರಿಗೆ ಮರಳುವ ಹೊತ್ತಿಗೆ, ಅಂತಿಮ ದರ್ಶನಕ್ಕಾಗಿ ಅವನ ಹೆಂಡತಿ ಅಲ್ಲಿನ ಶವಸಂಸ್ಕಾರ ಗೃಹದ ಪ್ರಾರ್ಥನಾ ಕೊಠಡಿಯನ್ನು ಕೇಳಿದರು. ಬಿಳಿಯರಿಗೆ ಹಿಡಿಸುವುದಿಲ್ಲ ಎಂದು ಮಾಲೀಕ ಕೊಡಲಿಲ್ಲ. ಮೆಕ್ಸಿಕನ್ ಮೂಲದ ಮಾಜಿ ಸೈನಿಕರ ಸಂಘಟನೆ ಕಟ್ಟಿದ್ದ ವೈದ್ಯ ಹೆಕ್ಟರ್ ಗಾರ್ಸಿಯಾ ಈ ಸಂಗತಿಯನ್ನು ದೇಶದ ಮುಂದಿಟ್ಟರು. ಸೆನೆಟರ್ ಲಿಂಡನ್ ಜಾನ್ಸನ್ ನೆರವಿನಿಂದ ಲೊಂಗೋರಿಯಾಗೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ ಸಿಕ್ಕಿತು. ಅದೇ ಜಾನ್ಸನ್ ಮುಂದೆ ಅಧ್ಯಕ್ಷರಾಗಿ ವಿಯೆಟ್ನಾಂ ಯುದ್ಧವನ್ನು ಹಿಗ್ಗಿಸಿದರು.

ಆ ಯುದ್ಧದಲ್ಲಿ ಸತ್ತವರ ಲೆಕ್ಕವನ್ನು ಸಮಾಜವಿಜ್ಞಾನಿ ರಾಲ್ಫ್ ಗುಸ್ಮಾನ್ ತೆಗೆದರು. 1961ರಿಂದ 1967ರ ಆರಂಭದವರೆಗೆ ಅಮೆರಿಕದ ನೈರುತ್ಯ ರಾಜ್ಯಗಳಿಂದ ಹೋಗಿ ಮಡಿದವರಲ್ಲಿ ಶೇ. 19.4ರಷ್ಟು ಮಂದಿಗೆ ಸ್ಪ್ಯಾನಿಷ್ ಮನೆತನದ ಹೆಸರುಗಳಿದ್ದವು. ಅಲ್ಲಿನ ಜನಸಂಖ್ಯೆಯಲ್ಲಿ ಮೆಕ್ಸಿಕನ್ ಮೂಲದವರ ಪಾಲು ಶೇ. 12ನ್ನು ದಾಟುತ್ತಿರಲಿಲ್ಲ. 1970ರ ಆಗಸ್ಟ್ 29ರಂದು ಪೂರ್ವ ಲಾಸ್ ಏಂಜಲಿಸ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಚಿಕಾನೊಗಳು (ಮೆಕ್ಸಿಕನ್ ಮೂಲದ ಅಮೆರಿಕನ್ನರು) ಯುದ್ಧದ ವಿರುದ್ಧ ಮೆರವಣಿಗೆ ನಡೆಸಿದರು; ಅಂದೇ ಪೊಲೀಸರ ಅಶ್ರುವಾಯು ಶೆಲ್ ಬಡಿದು ಪತ್ರಕರ್ತ ರೂಬೆನ್ ಸಲಸಾರ್ ತೀರಿಕೊಂಡರು.

ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಮರಿಸ್ಕಲ್ ಮೊದಲು ಬರೆದದ್ದು ಹದಿನೇಳನೆಯ ಶತಮಾನದ ಸ್ಪೇನಿನ ಬಗ್ಗೆ, ಅಲ್ಲಿನ ಲೇಖಕರಾದ ಸೆರ್ವಾಂಟಿಸ್ ಮತ್ತು ಕೆವೆದೊ ಬಗ್ಗೆ. (ಸೆರ್ವಾಂಟಿಸ್ ಕೂಡ ಸೈನಿಕನೇ, 1571ರ ಲೆಪಾಂಟೊ ಕದನದಲ್ಲಿ ಅವನ ಎಡಗೈ ಊನವಾಯಿತು.) ಬಳಿಕ 1999ರಲ್ಲಿ ವಿಯೆಟ್ನಾಂ ಯುದ್ಧದ ಚಿಕಾನೊ ಅನುಭವಗಳ ಬರಹಗಳನ್ನು ಒಟ್ಟುಗೂಡಿಸಿ ‘ಅಸ್ತ್ಲಾನ್ ಅಂಡ್ ವಿಯೆಟ್ ನಾಮ್’ ಎಂಬ ಸಂಕಲನ ತಂದರು. ಸಾಹಿತ್ಯದ ಸಂಬಂಧ ಇಲ್ಲಿದೆ. ‘ನೀವು ಈ ದೇಶದವರೆಂದು ರಣರಂಗದಲ್ಲಿ ತೋರಿಸಿಕೊಡಿ’ ಎಂದು ವಲಸಿಗರ ಮಕ್ಕಳಿಗೆ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿರುವುದು ಒಂದು ಕಥೆ. ಆ ಕಥೆ ಯಾರ ಬಾಯಿಂದ ಬರುತ್ತದೆ, ಯಾರ ಮನೆಯಲ್ಲಿ ಕೊನೆಯಾಗುತ್ತದೆ ಎಂದು ನೋಡುವುದು ಸಾಹಿತ್ಯ ಓದುವವರ ಕೆಲಸವೇ.

2003ರ ಇರಾಕ್ ಯುದ್ಧದಲ್ಲಿ ಸತ್ತ ಮೊದಲ ಅಮೆರಿಕನ್ ಸೈನಿಕರಲ್ಲಿ ಒಬ್ಬನಾದ ಹೋಸೆ ಗುತಿಯೆರೆಸ್ ಗ್ವಾಟೆಮಾಲಾದಲ್ಲಿ ಹುಟ್ಟಿದ ಅನಾಥ. ಅಮೆರಿಕದ ಪೌರತ್ವ ಅವನಿಗೆ ಸಿಕ್ಕಿದ್ದು ಸತ್ತ ಮೇಲೆ. ಅಷ್ಟರಲ್ಲಿ ಕಡ್ಡಾಯ ಭರ್ತಿ ನಿಂತು ಮೂವತ್ತು ವರ್ಷಗಳಾಗಿದ್ದವು. ಆದರೆ ಕಾಲೇಜಿನ ಶುಲ್ಕ ಕಟ್ಟಲಾಗದವನ ಮುಂದೆ ಶುಲ್ಕದ ಆಸೆ ಇಟ್ಟರೆ ಅದನ್ನು ಸ್ವಂತ ಇಚ್ಛೆ ಎನ್ನಬಹುದೇ ಎಂದು ಯುದ್ಧವಿರೋಧಿಗಳು ಕೇಳಿದರು. ಅದನ್ನು ‘ಬಡತನದ ಭರ್ತಿ’ ಎಂದು ಕರೆದರು. 2002ರಲ್ಲಿ ಜಾರಿಗೆ ಬಂದ ಶಿಕ್ಷಣ ಕಾಯ್ದೆ ತಂದ ನಿಯಮದ ಪ್ರಕಾರ, ಪೋಷಕರು ಬೇಡವೆಂದು ತಿಳಿಸದಿದ್ದರೆ, ಪ್ರೌಢಶಾಲೆಗಳು ವಿದ್ಯಾರ್ಥಿಗಳ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಸೇನೆ ಕೇಳಿದಾಗ ಕೊಡಲೇಬೇಕು. ಇಂಗ್ಲಿಷ್ ಬಾರದ ತಾಯಿಗೆ ಹಾಗೊಂದು ಅವಕಾಶವಿದೆ ಎಂಬುದೇ ತಿಳಿಯದೆ ಹೋಗಬಹುದು.

ಸೇನೆಯಿಂದ ಎಷ್ಟೋ ಬಡ ಕುಟುಂಬಗಳಿಗೆ ಓದು, ಕೆಲಸ, ಪೌರತ್ವ ದೊರೆತಿರುವುದೂ ನಿಜ; ಆ ಮಾತನ್ನು ತಳ್ಳಿಹಾಕಿದರೆ ಮರಿಸ್ಕಲ್ ಅವರ ವಾದ ದುರ್ಬಲವಾಗುತ್ತದೆ ಎಂದೇ ನನ್ನ ಅನಿಸಿಕೆ. ಅವರು ಕೈಜೋಡಿಸಿದ ಸ್ಯಾನ್ ಡಿಯಾಗೊದ ‘ಪ್ರಾಜೆಕ್ಟ್ ಯಾನೊ’ ಮಾಜಿ ಸೈನಿಕರನ್ನೇ ತರಗತಿಗಳಿಗೆ ಕಳುಹಿಸಿ, ಸೇನೆಯ ಹೊರಗಿರುವ ದಾರಿಗಳನ್ನೂ ಮಕ್ಕಳಿಗೆ ತಿಳಿಸುತ್ತದೆ. ಇಂಥ ಸಂಘಟನೆಗಳವರು ಸಾಮಾನ್ಯವಾಗಿ ಬೆರಳಿಟ್ಟು ತೋರಿಸುವುದು ಭರ್ತಿಯ ಕರಾರುಪತ್ರವನ್ನು. ನಾಲ್ಕು ವರ್ಷದ ಕೆಲಸವೆಂದು ಸೇರುವವನ ಒಟ್ಟು ಬಾಧ್ಯತೆ, ಮೀಸಲು ಪಡೆಯ ಅವಧಿಯೂ ಸೇರಿ, ಎಂಟು ವರ್ಷ. ಸಂಬಳ, ಸವಲತ್ತು, ಹೊಣೆಗಳ ಕುರಿತ ನಿಯಮಗಳು ಮುನ್ಸೂಚನೆ ಇಲ್ಲದೆ ಬದಲಾಗಬಹುದು ಎಂಬ ಸಾಲೂ ಅದರಲ್ಲಿದೆ, ಸಹಿ ಮಾಡುವ ಜಾಗಕ್ಕಿಂತ ಬಹಳ ಮೊದಲೇ.